‘ಏತ್ ದೂರ ಉಂಡು?’ (ಎಷ್ಟು ದೂರ ಉಂಟು?) ಅಂತ ಮೊದ್ಲು ಕೇಳುವ ವಯರ್ ಅಂಗಡಿ, ಬಂದರು, ಮಂಗಳೂರು

ನಾಲ್ಕು ಸ್ಟಾರ್ ಕೊಟ್ಟದ್ದು. ಐದು ಕೊಡ್ಬಹುದಿತ್ತು, ಒಂದು ಯಾಕೆ ಕಟ್ ಮಾಡಿದ್ದು ಅಂತ ಕಡೆಗೆ ಹೇಳ್ತೇನೆ. ಸ್ವಲ್ಪ ಉದ್ದ ಉಂಟು, ಅರ್ಜೆಂಟ್ ಇದ್ದವರು ಇಷ್ಟು ತಿಳ್ಕೊಳ್ಳಿ, ವಯರ್ ಒರಿಜಿನಲ್, ಅಳತೆ ಕರೆಕ್ಟ್, ಪಾರ್ಕಿಂಗ್ ಶೂನ್ಯ, ಮಧ್ಯಾಹ್ನ ಊಟಕ್ಕೆ ಶಟರ್ ಬಂದ್.

ನಮ್ಮದು ಕಿನ್ನಿಗೋಳಿ ಹತ್ರ ಸಣ್ಣ ಅಡಿಕೆ ತೋಟ. ಮನೆ ಮೇಲೆ, ಬಾವಿ ಕೆಳಗೆ ಗದ್ದೆ ಬದಿಯಲ್ಲಿ, ಒಂದು ಎಚ್‌ಪಿ ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಪಂಪು. ಎರಡು ವರ್ಷದಿಂದ ಈ ಪಂಪಿನದ್ದೇ ರಗಳೆ. ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗ್ತದೆ, ಸಂಜೆ ಸ್ವಿಚ್ ಹಾಕಿದ್ರೆ ‘ಮ್‌ಂಂಂ’ ಅಂತ ಹಮ್ಮಿಂಗ್ ಮಾತ್ರ, ನೀರಿಲ್ಲ, ಕ್ಯಾಪಾಸಿಟರ್ ಎರಡು ಸಲ ಹೋಯ್ತು, ಒಮ್ಮೆ ಮೋಟರ್ ಮೇಲೆ ತೆಗೆದು ರಿವೈಂಡಿಂಗ್ ಸಹ ಮಾಡಿಸಿ ಆಯ್ತು, ಆ ದುಡ್ಡಲ್ಲಿ ಇನ್ನೊಂದು ಅರ್ಧ ಪಂಪು ಬರ್ತಿತ್ತು. ಎಲ್ಲರೂ ಹೇಳಿದ್ದು ಒಂದೇ ಮಾತು, ‘ನಿಮ್ಮಲ್ಲಿ ವೋಲ್ಟೇಜ್ ಇಲ್ಲ ಮಾರಾಯ್ರೆ’. ನಾನು ಕೂಡ ಲೈನ್‌ಮ್ಯಾನ್ ಸಿಕ್ಕಿದಲ್ಲೆಲ್ಲ ಜಗಳ ಮಾಡ್ತಿದ್ದೆ. ಪಾಪ, ಒಂದು ದಿನ ಅವರೇ ಬಂದು ಮೀಟರ್ ಬೋರ್ಡಲ್ಲಿ ನೋಡಿ ತೋರಿಸಿದ್ರು, 212 ಉಂಟು. ಆಮೇಲೆ ಬಾವಿ ಹತ್ರ ಸ್ಟಾರ್ಟರ್ ಬಾಕ್ಸಲ್ಲಿ ಪಂಪು ಓಡುವಾಗ ನೋಡಿದ್ರೆ 186! ಮಧ್ಯದಲ್ಲಿ 26 ವೋಲ್ಟ್ ಎಲ್ಲಿಗೆ ಹೋಯ್ತು? ನಡುವೆ ಇರುದು ವಯರ್ ಒಂದೇ. ‘ನನ್ನ ತಂತಿ ತನಕ ಸರಿ ಉಂಟು, ನಿಮ್ಮ ತಂತಿ ನೀವು ನೋಡ್ಕೊಳ್ಳಿ’ ಅಂತ ಹೇಳಿ ಅವರು ಬೈಕ್ ಹತ್ತಿ ಹೋದ್ರು, ನಾನು ಬಾವಿಕಟ್ಟೆಯಲ್ಲೇ ನಿಂತೆ.

ಆ ವಯರು ಪಂಪ್ ಹಾಕುವಾಗ ಬೇರೆ ಒಂದು ಅಂಗಡಿಯಿಂದ ತಂದದ್ದು, ಹೆಸರು ಬೇಡ. ‘2.5 ಸ್ಕ್ವೇರ್ ಎಂಎಂ, ಪ್ಯೂರ್ ಕಾಪರ್, ಆಫರ್ ರೇಟ್’ ಅಂತ ಕೊಟ್ಟಿದ್ರು. ಸ್ಕ್ವೇರ್ ಎಂಎಂ ಅಂದ್ರೆ ಒಳಗಿನ ತಂತಿ ಅಡ್ಡ ಕಟ್ ಮಾಡಿದ್ರೆ ಕಾಣುವ ಮುಖದ ವಿಸ್ತೀರ್ಣ. ಕವರಲ್ಲಿ ಹಾಗೇ ಪ್ರಿಂಟ್ ಇತ್ತು ಕೂಡ.

ಭಾವ ಹೇಳಿದ, ಬಂದರಿನಲ್ಲಿ ಒಂದು ಹಳೆ ಅಂಗಡಿ ಉಂಟು, ಅಲ್ಲಿ ಕೇಳು ಅಂತ. ಬಂದರು ಗೊತ್ತಿದ್ದವರಿಗೆ ಗೊತ್ತು, ಒಣಮೀನು, ಅಕ್ಕಿ ಮೂಟೆ, ಹಗ್ಗ, ಹಾರ್ಡ್‌ವೇರ್ ಎಲ್ಲ ಒಂದರ ಮೇಲೊಂದು, ಲಾರಿ ಒಂದು ಅನ್‌ಲೋಡಿಂಗಿಗೆ ನಿಂತ್ರೆ ಇಡೀ ರೋಡ್ ಜಾಮ್. ಕಾರು ತರ್ಬೇಡಿ. ನಾನು ಹಂಪನಕಟ್ಟೆಯಲ್ಲಿ ಇಳಿದು ನಡ್ಕೊಂಡೇ ಹೋದದ್ದು, ಮಾರ್ಚ್ ತಿಂಗಳ ಬಿಸಿಲು, ಅಂಗಡಿ ಮುಟ್ಟುವಾಗ ಶರ್ಟ್ ಹಿಂಡ್ಬಹುದಿತ್ತು.

ಅಂಗಡಿ ಅಂದ್ರೆ ದೊಡ್ಡ ಶೋರೂಮ್ ಅಲ್ಲ, ಎರಡು ಜನ ನಿಂತ್ರೆ ಮೂರನೆಯವ ರೋಡಲ್ಲಿ. ಮರದ ಕೌಂಟರಿಗೆ ಉದ್ದಕ್ಕೆ ಒಂದು ಹಿತ್ತಾಳೆ ಪಟ್ಟಿ ಹೊಡೆದಿದ್ದಾರೆ, ಅದು ಒಂದು ಮೀಟರ್, ಅದರಲ್ಲೇ ಅಳೆದು ಕಟ್ ಮಾಡುದು. ಕೂತ ಧಣಿಗಳಿಗೆ ಎಪ್ಪತ್ತರ ಹತ್ತಿರ ಪ್ರಾಯ ಇರ್ಬಹುದು. ನಾನು ಹೋಗಿ, ‘2.5 ತ್ರೀ ಕೋರ್ ಫ್ಲಾಟ್ ಕೇಬಲ್ ಬೇಕು, ಒಳ್ಳೆ ಕಂಪನಿದು’ ಅಂದೆ, ಒಳಗೆ ಮೂರು ವಯರ್ ಸಾಲಾಗಿ ಇರುವ ಚಪ್ಪಟೆ ಕೇಬಲ್ ಅದು, ಒಂದೊಂದು ವಯರಿಗೆ ಕೋರ್ ಅಂತ ಹೇಳುದು. ಅವರು ಯಾವ ಕಂಪನಿ ಅಂತ ಕೇಳ್ಲಿಲ್ಲ. ತುಳುವಿನಲ್ಲಿ ಕೇಳಿದ್ದು ಒಂದೇ, ‘ಏತ್ ದೂರ ಉಂಡು?’

ನಾನು ಅಂದಾಜಿಗೆ ಎಂಬತ್ತು ಮೀಟರ್ ಅಂದೆ. ‘ಅಂದಾಜು ಬೇಡ, ಅಳೆದು ಬನ್ನಿ, ಬಾವಿ ಒಳಗೆ ಇಳಿಯುದು ಸೇರಿಸಿ’ ಅಂತ ವಾಪಸ್ ಕಳಿಸಿದ್ರು! ಕಿನ್ನಿಗೋಳಿಯಿಂದ ಬಸ್ ಹಿಡ್ಕೊಂಡು ಬಂದವನನ್ನು. ಆಗ ಭಯಂಕರ ಕೋಪ ಬಂದಿತ್ತು, ಒಂದು ಸ್ಟಾರ್ ರಿವ್ಯೂ ಬಸ್ಸಲ್ಲೇ ಕೂತು ಮನಸ್ಸಲ್ಲಿ ಬರ್ದಾಗಿತ್ತು. ಮನೆಗೆ ಹೋಗಿ 30 ಮೀಟರ್ ಹೋಸ್ ಪೈಪ್ ಇಟ್ಟು ಇಟ್ಟು ಅಳೆದ್ರೆ ಬಾವಿ ಆಳ ಸೇರಿ 110 ಮೀಟರ್. ಎಂಬತ್ತು ಅಂತ ಹೇಳಿ ತಂದಿದ್ರೆ ಮಧ್ಯದಲ್ಲಿ ಜಾಯಿಂಟ್ ಮಾಡ್ಬೇಕಿತ್ತು.

ಎರಡನೇ ಸಲ ಹೋಗುವಾಗ ಹಳೆ ಕೇಬಲಿನದ್ದು ಮೂವತ್ತು ಮೀಟರ್ ತುಂಡು ಕೂಡ ಚೀಲದಲ್ಲಿ ಹಾಕ್ಕೊಂಡು ಹೋದೆ, ಅವರೇ ತರ್ಲಿಕ್ಕೆ ಹೇಳಿದ್ದು. ಇನ್ನು ಅಲ್ಲಿ ನಡೆದದ್ದು ನಾನು ಯಾವ ಅಂಗಡಿಯಲ್ಲೂ ನೋಡಿದ್ದಿಲ್ಲ.

ಫಸ್ಟ್ ಹಳೆ ವಯರಿನ ತುದಿ ಸಿಪ್ಪೆ ತೆಗೆದು ಎಳೆ ಬಿಡಿಸಿ ಎಣಿಸಿದ್ರು. 36. ‘ಲೆಕ್ಕ ಸರಿ ಉಂಟು, ಕಳ್ಳ ಹುಷಾರಿ’ ಅಂದ್ರು. ಆಮೇಲೆ ಡ್ರಾಯರಿನಿಂದ ಒಂದು ಮೈಕ್ರೋಮೀಟರ್ ತೆಗೆದು ಒಂದು ಎಳೆ ಹಿಡಿದು ತಿರುಗಿಸಿ ನನಗೆ ತೋರಿಸಿದ್ರು, 0.24 ಮಿಲಿಮೀಟರ್. 2.5ರ ವಯರಲ್ಲಿ 36 ಎಳೆ ಅಂದ್ರೆ ಒಂದೊಂದು 0.3 ಇರ್ಬೇಕು. ಸೊನ್ನೆ ಪಾಯಿಂಟ್ ಮೂರಕ್ಕೂ ಪಾಯಿಂಟ್ ಎರಡು ನಾಲ್ಕಕ್ಕೂ ಎಂತ ವ್ಯತ್ಯಾಸ, ಕೂದಲಷ್ಟು ಅಂತ ನಾನು ನಗಾಡಿದೆ. ಅವರು ಬಿಲ್ ಬುಕ್ಕಿನ ಹಿಂದೆ ಲೆಕ್ಕ ಹಾಕಿದ್ರು. ಕರೆಂಟ್ ಹೋಗುದು ವಯರಿನ ಅಡ್ಡ ಕಟ್ ಮಾಡಿದ ಮುಖದ ವಿಸ್ತೀರ್ಣದಲ್ಲಿ, ವ್ಯಾಸದಲ್ಲಿ ಅಲ್ಲ. ವ್ಯಾಸ ಐದರಲ್ಲಿ ಒಂದು ಪಾಲು ಕಮ್ಮಿ ಆದ್ರೆ ವಿಸ್ತೀರ್ಣ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಯ್ತು. ಅಂದ್ರೆ ನನ್ನ ‘2.5’ ನಿಜವಾಗಿ 1.6 ಚಿಲ್ಲರೆ. ನಮ್ಮ ಎಲೆಕ್ಟ್ರಿಶಿಯನ್ನು ‘ಎಳೆ ಜಾಸ್ತಿ ಇದ್ರೆ ಕರೆಂಟ್ ಜಾಸ್ತಿ ಹೋಗ್ತದೆ’ ಅಂತ ಹೇಳ್ತಿದ್ದ, ಅದು ಸುಳ್ಳಂತೆ, ಎಳೆ ಜಾಸ್ತಿ ಇರುದು ವಯರ್ ಬಗ್ಗಿಸ್ಲಿಕ್ಕೆ ಸುಲಭ ಆಗ್ಲಿ ಅಂತ, ಎಲ್ಲ ಎಳೆ ಸೇರಿ ಲೋಹ ಎಷ್ಟು ಅನ್ನುದೇ ಲೆಕ್ಕ.

ಅಷ್ಟಕ್ಕೆ ಮುಗಿಯಲಿಲ್ಲ. ಬ್ಲೇಡಲ್ಲಿ ಒಂದು ಎಳೆಯ ಮೈ ಗೀರಿದ್ರು, ಮೇಲೆ ತಾಮ್ರದ ಕೆಂಪು, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ಮೇಲೆ ತೆಳ್ಳಗೆ ತಾಮ್ರದ ಹೊದಿಕೆ, ಸಿಸಿಎ ಅಂತ ಹೇಳುದಂತೆ ಇದಕ್ಕೆ. ನೆನಪಿಡಿ, ಮೇಲೆ ಬೆಳ್ಳಗೆ ಒಳಗೆ ಕೆಂಪು ಇದ್ರೆ ಅದು ತವರ ಹಾಕಿದ ಒಳ್ಳೆ ತಾಮ್ರ, ಹೆದರ್ಬೇಡಿ. ಮೇಲೆ ಕೆಂಪು ಒಳಗೆ ಬೆಳ್ಳಗೆ ಇದ್ರೆ ನಿಮ್ಮ ಕಿವಿಗೆ ಹೂವು.

ಆಮೇಲೆ ತೂಕ. ಚಿನ್ನದ ಅಂಗಡಿಯಲ್ಲಿ ಇರ್ತದಲ್ಲ, ಅಂಥ ಸಣ್ಣ ಡಿಜಿಟಲ್ ತಕ್ಕಡಿ ಇವರಲ್ಲಿ ಉಂಟು. ಹೊಸ 2.5ರ ಕಾಯಿಲಿನಿಂದ ಒಂದು ಮೀಟರ್ ಕಟ್ ಮಾಡಿ ಸಿಪ್ಪೆ ಪೂರ್ತಿ ತೆಗೆದು ಬರೀ ತಂತಿ ಇಟ್ರು, 21 ಗ್ರಾಂ. ನನ್ನ ಹಳೆಯದ್ದರ ಒಂದು ಕೋರ್ ಒಂದು ಮೀಟರ್, ಐದು ಗ್ರಾಂ ಚಿಲ್ಲರೆ. ನಾನು ತಕ್ಕಡಿ ಸರಿ ಉಂಟಾ ಅಂತ ಕೇಳಿದೆ, ನಾಚಿಕೆ ಆಗ್ತದೆ ಈಗ. ತಾಮ್ರ ಭಾರ, ಅಲ್ಯೂಮಿನಿಯಂ ಅದರ ಮೂರರಲ್ಲಿ ಒಂದು ಪಾಲಿಗೂ ಕಮ್ಮಿ, ಮೇಲಿಂದ ಎಳೆ ಸಪೂರ, ಎರಡೂ ಸೇರಿ ನಾಲ್ಕು ಪಾಲಲ್ಲಿ ಒಂದು ಪಾಲು. ಇಡೀ 90 ಮೀಟರ್ ಕಾಯಿಲ್ ತಗೊಳ್ಳುವವರಿಗೆ ಅವರು ಹೇಳುವ ಲೆಕ್ಕ ಸಿಂಪಲ್, 2.5ರ ಕಾಪರ್ ಕಾಯಿಲಲ್ಲಿ ತಾಮ್ರವೇ ಎರಡು ಕಿಲೋ ಹತ್ರ, ಪಿವಿಸಿ ಸಿಪ್ಪೆ ಸೇರಿ ಮೂರು ಕಿಲೋ ಅಂದಾಜು, ಕೈಯಲ್ಲಿ ಎತ್ತುವಾಗ ಹಗುರ ಅನಿಸಿದ್ರೆ ಅಲ್ಲಿಯೇ ಕೆಳಗಿಡಿ.

ಇನ್ನು ನನಗೆ ಭಾರೀ ಇಷ್ಟ ಆದ ಐಟಮ್. ಕೌಂಟರ್ ಅಡಿಯಲ್ಲಿ ಒಂದು 12 ವೋಲ್ಟ್ ಕಾರ್ ಬ್ಯಾಟರಿ, ಒಂದು ಕಾರಿನ ಹೆಡ್‌ಲೈಟ್ ಬಲ್ಬು, ಕರೆಂಟ್ ಮತ್ತೆ ವೋಲ್ಟ್ ನೋಡುವ ಎರಡು ಮೀಟರ್. ವಯರು ಕರೆಂಟಿಗೆ ಕೊಡುವ ತಡೆಗೆ ರೆಸಿಸ್ಟೆನ್ಸ್ ಅಥವಾ ರೋಧ ಅಂತ ಹೇಳುದು, ಅದರ ಅಳತೆ ಓಮಲ್ಲಿ. ಇಂಥ ಕಮ್ಮಿ ರೆಸಿಸ್ಟೆನ್ಸ್ ಅಳೀಲಿಕ್ಕೆ ಬರೀ ಮಲ್ಟಿಮೀಟರ್ ಸಾಕಾಗುದಿಲ್ಲ, ಅದರ ಕಡ್ಡಿ ವಯರಿನ ರೆಸಿಸ್ಟೆನ್ಸೇ ಅಷ್ಟು ಇರ್ತದೆ. ಅದಕ್ಕೆ ಬ್ಯಾಟರಿ, ಬಲ್ಬು, ವಯರು ಮೂರೂ ಒಂದೇ ಸಾಲಲ್ಲಿ ಹಾಕಿ, ಹರಿಯುವ ಕರೆಂಟ್ ಒಂದು ಮೀಟರಲ್ಲಿ, ವಯರಿನ ಎರಡು ತುದಿ ಮಧ್ಯ ಬೀಳುವ ವೋಲ್ಟ್ ಇನ್ನೊಂದರಲ್ಲಿ. ಹೊಸ 2.5ರ 90 ಮೀಟರ್ ಕಾಯಿಲಿನ ಒಳ ತುದಿ ಹೊರ ತುದಿ ಎರಡಕ್ಕೂ ಕ್ಲಿಪ್ ಹಾಕಿದ್ರು. ಬಲ್ಬು ಸ್ವಲ್ಪ ಡಿಮ್ ಆಗಿ ಹತ್ತಿತು. 4 ಆಂಪಿಯರ್, 2.8 ವೋಲ್ಟ್. ಭಾಗಿಸಿದ್ರೆ 0.7 ಓಮ್. ನನ್ನ ಹಳೆ ವಯರಿನ ಒಂದು ಕೋರ್, ಬರೀ 30 ಮೀಟರ್, 4.1 ಆಂಪಿಯರಿಗೆ 2.1 ವೋಲ್ಟ್, ಹತ್ತಿರ ಹತ್ತಿರ 0.51 ಓಮ್. ಮೂರು ಪಾಲಲ್ಲಿ ಒಂದು ಪಾಲು ಉದ್ದ ಇಟ್ಕೊಂಡು ರೆಸಿಸ್ಟೆನ್ಸ್ ಮುಕ್ಕಾಲು ಪಾಲು! ಒಳ್ಳೆ ವಯರ್ ಆಗಿದ್ರೆ 30 ಮೀಟರಿಗೆ 0.23 ಬರ್ಬೇಕಿತ್ತು.

ಮಗಳು ಈ ವರ್ಷ ಹತ್ತನೇ ಕ್ಲಾಸು, ಅವಳ ಸೈನ್ಸ್ ಪುಸ್ತಕದಲ್ಲಿ ಇದೆಲ್ಲ ಒಂದೇ ಲೈನಲ್ಲಿ ಉಂಟು. ಉದ್ದ ಜಾಸ್ತಿ ಆದಷ್ಟು ರೋಧ ಜಾಸ್ತಿ, ವಿಸ್ತೀರ್ಣ ಜಾಸ್ತಿ ಆದಷ್ಟು ಕಮ್ಮಿ, ಮತ್ತೆ ಲೋಹಕ್ಕೆ ಅದರದ್ದೇ ಒಂದು ಗುಣ. ನಾನೂ ಒಂದು ಕಾಲದಲ್ಲಿ ಬಾಯಿಪಾಠ ಮಾಡಿದವನೇ, ಮಾರ್ಕ್ ಸಿಕ್ಕಿದೆ, ಮೋಟರ್ ಸುಟ್ಟಿದೆ. ಧಣಿಗಳು ಹೇಳಿದ್ದರಲ್ಲಿ ತಲೆಯಲ್ಲಿ ಕೂತದ್ದು ಒಂದು ಮಾತು, ‘ಸಪೂರ ಮಾಡಿ ಒಂದು ಮೋಸ, ಲೋಹ ಬದಲಿಸಿ ಇನ್ನೊಂದು ಮೋಸ, ಎರಡು ಮೋಸ ಕೂಡುದಲ್ಲ, ಗುಣಿಸುದು’. ಸಪೂರ ಇದ್ದದ್ದಕ್ಕೆ ಸುಮಾರು ಒಂದೂವರೆ ಪಟ್ಟು, ಸಿಸಿಎ ಆದದ್ದಕ್ಕೆ ಮತ್ತೆ ಒಂದೂವರೆ ಪಟ್ಟು ಮೇಲೆ, ಗುಣಿಸಿದ್ರೆ ಎರಡೂಕಾಲು ಪಟ್ಟು. ಅದಕ್ಕೆ ಉದ್ದ ಸೇರಿಸಿ. ಮತ್ತೆ ನಾನು ಮರ್ತದ್ದು ಎಂತ ಅಂದ್ರೆ ಕರೆಂಟ್ ಹೋದ್ರೆ ಸಾಕಾ, ವಾಪಸ್ ಸಹ ಬರ್ಬೇಕಲ್ಲ, 110 ಮೀಟರ್ ಅಂದ್ರೆ ಲೆಕ್ಕಕ್ಕೆ 220. ಹಳೆ ವಯರಲ್ಲಿ 220 ಮೀಟರಿಗೆ ಮೂರುಮುಕ್ಕಾಲು ಓಮ್, ಪಂಪು ಓಡುವಾಗ 7 ಆಂಪಿಯರ್, ಗುಣಿಸಿ ನೋಡಿ, 26 ವೋಲ್ಟ್. ಲೈನ್‌ಮ್ಯಾನ್ ತೋರಿಸಿದ ಅದೇ 26! ಅಂಗಡಿಯಲ್ಲೇ ಮೈ ಜುಂ ಅಂದಿತು.

ಸ್ಟಾರ್ಟ್ ಆಗುವಾಗ ಇನ್ನೂ ಕಷ್ಟ. ಮೋಟರು ಏಳುವಾಗ ಓಡುವುದಕ್ಕಿಂತ ಮೂರ್ನಾಲ್ಕು ಪಟ್ಟು ಕರೆಂಟ್ ಎಳಿತದೆ, ಆಗ ಈ ವಯರು ಎಪ್ಪತ್ತರ ಹತ್ರ ವೋಲ್ಟ್ ದಾರಿಯಲ್ಲೇ ನುಂಗ್ತದೆ, ಮೋಟರಿನ ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ಸರಿಯಾಗಿ ಇಳಿಯುದು, ಮುಕ್ಕಾಲು ವೋಲ್ಟೇಜ್ ಸಿಕ್ಕಿದ್ರೆ ಬಲ ಅರ್ಧಕ್ಕಿಂತ ಚೂರು ಮೇಲೆ ಅಷ್ಟೇ. ಸಂಜೆ ಮನೆಯಲ್ಲೇ ಸ್ವಲ್ಪ ವೋಲ್ಟೇಜ್ ಇಳಿದ್ರೆ ಸಾಕು, ಹಮ್ಮಿಂಗ್. ನಿಂತಲ್ಲೇ ಕರೆಂಟ್ ಎಳೆದು ವೈಂಡಿಂಗ್ ಬಿಸಿ. ನನ್ನ ರಿವೈಂಡಿಂಗ್ ದುಡ್ಡು ಹೋದ ದಾರಿ ಇದು.

ಯಾವುದು ಹಾಕುದು ಅಂತ ಬಂತು. ನನ್ನದು ಒಮ್ಮೆ ಬೆಂಕಿ ಮುಟ್ಟಿದ ಬೆಕ್ಕಿನ ಕಥೆ, 6 ಸ್ಕ್ವೇರ್ ಎಂಎಂ ಕೊಡಿ ಅಂದೆ. ಬೇರೆ ಅಂಗಡಿಯವ ಆದ್ರೆ ಖುಷಿಯಲ್ಲಿ ಕೊಡ್ತಿದ್ದ. ಇವರು ಮತ್ತೆ ಬಿಲ್ ಬುಕ್ ತಿರುಗಿಸಿದ್ರು. ವಯರಿನ ತಂತಿಗೆ ಇರುವ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 8130ರಲ್ಲಿ ಬಗ್ಗುವ ಕಾಪರಿಗೆ ಒಂದು ಕಿಲೋಮೀಟರಿಗೆ ಇದಕ್ಕಿಂತ ಜಾಸ್ತಿ ರೆಸಿಸ್ಟೆನ್ಸ್ ಇರ್ಬಾರ್ದು ಅಂತ ಉಂಟು, 20 ಡಿಗ್ರಿಯಲ್ಲಿ, 2.5ಕ್ಕೆ 7.98 ಓಮ್, 4ಕ್ಕೆ 4.95, 6ಕ್ಕೆ 3.30. ನನ್ನ 220 ಮೀಟರಿಗೆ 7 ಆಂಪಿಯರಲ್ಲಿ 2.5 ಹಾಕಿದ್ರೆ 12 ವೋಲ್ಟ್ ಬೀಳ್ತದೆ, 4 ಹಾಕಿದ್ರೆ ಏಳೂವರೆ, 6 ಹಾಕಿದ್ರೆ ಐದು. ‘2.5ರಿಂದ 4ಕ್ಕೆ ಹೋದ್ರೆ ಲಾಭ ಉಂಟು, 4ರಿಂದ 6ಕ್ಕೆ ಹೋಗಿ ಎರಡೂವರೆ ವೋಲ್ಟಿಗೆ ಅಷ್ಟು ದುಡ್ಡು ಯಾಕೆ’ ಅಂತ 4ನ್ನೇ ಬರ್ದ್ರು. ದೊಡ್ಡ ಬಿಲ್ ಮಾಡ್ಲಿಕ್ಕೆ ಚಾನ್ಸ್ ಇದ್ದೂ ಮಾಡ್ಲಿಲ್ಲ, ನಾನು ಇಷ್ಟುದ್ದ ಬರೀಲಿಕ್ಕೆ ಮೇನ್ ಕಾರಣ ಇದೇ.

ಇಲ್ಲಿ ಒಂದು ವಿಷಯ ನನಗೆ ಹೊಸತು. ಸ್ಟ್ಯಾಂಡರ್ಡಲ್ಲಿ ಕಟ್ಟುನಿಟ್ಟು ಇರುದು ಓಮಿಗೆ, ಸ್ಕ್ವೇರ್ ಎಂಎಂ ಅನ್ನುದು ಕರಿಲಿಕ್ಕೆ ಒಂದು ಹೆಸರು ಇದ್ದ ಹಾಗೆ. ಅವರ ಒಳ್ಳೆ ಕಾಯಿಲಿನ ಎಳೆ ಕೂಡ ಮೈಕ್ರೋಮೀಟರಲ್ಲಿ 0.29 ತೋರಿಸಿತು, ನಾನು ಹಿಡಿದೆ ಕಳ್ಳನನ್ನು ಅನ್ನುವ ಹಾಗೆ ಕೇಳಿದೆ, ಅವರು ಓಮ್ ನೋಡಿ ಅಂದ್ರು. 7.98ರ ಲೆಕ್ಕದಲ್ಲಿ 90 ಮೀಟರಿಗೆ 0.72 ತನಕ ಓಕೆ, ಅದೂ 20 ಡಿಗ್ರಿಗೆ. ನಮ್ಮ ಮಂಗಳೂರಲ್ಲಿ 20 ಡಿಗ್ರಿ ಯಾವಾಗ ಇರ್ತದೆ ಮಾರ್ರೆ? ತಾಮ್ರ ಬಿಸಿ ಆದ್ರೆ ಒಂದೊಂದು ಡಿಗ್ರಿಗೆ 0.4 ಪರ್ಸೆಂಟ್ ಹತ್ರ ರೆಸಿಸ್ಟೆನ್ಸ್ ಏರ್ತದೆ, ಅಂಗಡಿಯಲ್ಲಿ ಅವತ್ತು 32, ಹಾಗಾಗಿ 0.75 ತನಕ ಪಾಸು. ಬಂದದ್ದು 0.7. ಅಂದ್ರೆ ಒಳ್ಳೆ ತಾಮ್ರ.

ಅಲ್ಯೂಮಿನಿಯಂ ಅಂದ್ರೆ ಕೆಟ್ಟದ್ದು ಅಂತ ಅಲ್ಲ ಅಂತ ಕೂಡ ಹೇಳಿದ್ರು. ರೋಡ್ ಬದಿ ಕಂಬದಲ್ಲಿ ಹೋಗುದು ಹೆಚ್ಚಾಗಿ ಅಲ್ಯೂಮಿನಿಯಂ, ಎಳೆತ ತಡ್ಕೊಳ್ಳಿಕ್ಕೆ ಮಧ್ಯದಲ್ಲಿ ಉಕ್ಕಿನ ತಂತಿ, ಆ ತಂತಿಗಳಿಗೆ ಸೈಜ್ ಪ್ರಕಾರ ಪ್ರಾಣಿಗಳ ಹೆಸರು, ಸ್ಕ್ವಿರಲ್, ವೀಸಲ್, ರ್ಯಾಬಿಟ್, ಡಾಗ್ ಅಂತ. ಒಂದೇ ದಪ್ಪಕ್ಕೆ ತಾಮ್ರಕ್ಕಿಂತ ರೋಧ ಒಂದೂವರೆ ಪಟ್ಟಿಗಿಂತ ಜಾಸ್ತಿ, ಆದ್ರೆ ತೂಕ ಕಮ್ಮಿ, ರೇಟ್ ಕಮ್ಮಿ, ದಪ್ಪ ಮಾಡಿದ್ರೆ ಸರಿ ಹೋಗ್ತದೆ. 10ರ ಅಲ್ಯೂಮಿನಿಯಂ ಕೇಬಲ್ ಕಿಲೋಮೀಟರಿಗೆ 3.08 ಓಮ್, ನನ್ನ 4ರ ಕಾಪರಿಗಿಂತ ಒಳ್ಳೇದೇ. ಮತ್ತೆ ಯಾಕೆ ಬೇಡ ಅಂದ್ರೆ ಅದು ಬಾವಿ ಒಳಗೆ ಇಳಿಸ್ಲಿಕ್ಕೆ ಆಗುದಿಲ್ಲ, ಮೇಲೆ ಎಲ್ಲಾದ್ರೂ ತಾಮ್ರಕ್ಕೆ ಜಾಯಿಂಟ್ ಮಾಡ್ಲೇಬೇಕು, ನಮ್ಮ ಉಪ್ಪು ಗಾಳಿ, ನಾಲ್ಕು ತಿಂಗಳು ಮಳೆ, ತಾಮ್ರ ಅಲ್ಯೂಮಿನಿಯಂ ಮುಟ್ಟಿದಲ್ಲಿ ತಿಂದು ಹೋಗ್ತದೆ. ನನ್ನ ಹಳೆ ಜಾಯಿಂಟ್ ಬಿಚ್ಚಿದಾಗ ಇನ್ಸುಲೇಶನ್ ಟೇಪ್ ಒಳಗೆ ತಂತಿಯೇ ಇರ್ಲಿಲ್ಲ, ಬಿಳಿ ಹುಡಿ, ಬೀಡದ ಸುಣ್ಣ ಒಣಗಿದ ಹಾಗೆ. ಮೋಸ ಅಂದ್ರೆ ಅಲ್ಯೂಮಿನಿಯಮನ್ನು ತಾಮ್ರ ಅಂತ ಹೇಳಿ ಮಾರುದು, ಅಲ್ಯೂಮಿನಿಯಂ ಪಾಪ ಎಂತ ಮಾಡಿದೆ.

4ರ ತ್ರೀ ಕೋರ್ ಫ್ಲಾಟ್ ಸ್ಟಾಕ್ ಇರ್ಲಿಲ್ಲ, ಎರಡು ದಿನ ಅಂತ ಹೇಳಿ ನಾಲ್ಕು ದಿನ ಮಾಡಿದ್ರು, ಬಸ್ಸಿನಲ್ಲಿ ಪಾರ್ಸೆಲ್ ಹಾಕಿ ಕಳಿಸಿದ್ರು. ರೇಟು ಹಳೆ ವಯರಿಗೆ ಕೊಟ್ಟದ್ದರ ಡಬಲ್ ಮೇಲೆ. ಬಾರ್ಗೈನ್ ಮಾಡ್ಬೇಡಿ, ವೇಸ್ಟ್, ತಾಮ್ರದ ರೇಟ್ ಕೇಳ್ಕೊಂಡು ಬನ್ನಿ ಅಂತಾರೆ. ಜಿಎಸ್‌ಟಿ ಬಿಲ್ ಕೊಡ್ತಾರೆ, ಯುಪಿಐ ಉಂಟು.

ಹಾಕಿದ ದಿನ ಸಂಜೆ ಏಳಕ್ಕೆ, ಎಲ್ಲರ ಮನೆ ಟಿವಿ ಲೈಟ್ ಓಡುವ ಹೊತ್ತಿಗೇ ಬೇಕಂತ ಸ್ವಿಚ್ ಹಾಕಿದೆ. ಮನೆಯಲ್ಲಿ 212, ಬಾವಿ ಹತ್ರ 204. ಹಮ್ಮಿಂಗ್ ಇಲ್ಲ, ಟಕ್ ಅಂತ ಎದ್ದಿತು, ಸ್ಪ್ರಿಂಕ್ಲರ್ ಇದುವರೆಗೆ ಮುಟ್ಟದ ಸಾಲಿಗೆ ನೀರು ಮುಟ್ಟಿತು. ಕರೆಂಟ್ ಬಿಲ್ಲಲ್ಲಿ ಭಾರೀ ಉಳಿತಾಯ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಮೊದ್ಲು ವಯರಲ್ಲಿ 180 ವ್ಯಾಟ್ ಸುಡ್ತಿತ್ತು ಈಗ 50 ಚಿಲ್ಲರೆ, ದಿನಕ್ಕೆ ಮೂರು ಗಂಟೆ ಓಡಿಸಿದ್ರೆ ಅರ್ಧ ಯೂನಿಟ್ ಕೂಡ ಉಳಿಯುದಿಲ್ಲ. ಉಳಿದದ್ದು ಮೋಟರ್.

ಈಗ ಆ ಕಟ್ ಮಾಡಿದ ಸ್ಟಾರ್. ಅದೇ ದಿನ ಅಲ್ಲಿಂದ ಒಂದು ಎಕ್ಸ್‌ಟೆನ್ಷನ್ ಡ್ರಮ್ ತಗೊಂಡೆ, 20 ಮೀಟರ್, ಒಳಗೆ 1 ಸ್ಕ್ವೇರ್ ಎಂಎಂ ವಯರು. ಕೊಟ್ಟದ್ದು ಧಣಿಗಳಲ್ಲ, ಅವರು ಊಟಕ್ಕೆ ಎದ್ದಿದ್ರು, ಹುಡುಗ ಕೊಟ್ಟ. ಮನೆಯಲ್ಲಿ ಅಂಗಳ ತೊಳೀಲಿಕ್ಕೆ 2000 ವ್ಯಾಟಿನ ಪ್ರೆಶರ್ ವಾಶರ್ ಹಾಕಿದೆ, ಹತ್ರವೇ ಪ್ಲಗ್ ಇದ್ದ ಕಾರಣ ಐದು ಮೀಟರ್ ಮಾತ್ರ ಎಳೆದು ಉಳಿದದ್ದು ಡ್ರಮ್ಮಿಗೆ ಸುತ್ತಿದ್ದ ಹಾಗೇ ಬಿಟ್ಟೆ. ಅರ್ಧ ಗಂಟೆಯಲ್ಲಿ ಪ್ಲಾಸ್ಟಿಕ್ ವಾಸನೆ, ಮುಟ್ಟಿದ್ರೆ ಕೈ ಸುಡುವಷ್ಟು ಬಿಸಿ, ಒಳ ಸುತ್ತು ಒಂದಕ್ಕೊಂದು ಅಂಟಿ ಹೋಗಿತ್ತು. ಲೆಕ್ಕ ಈಗ ನಾನೇ ಹಾಕ್ತೇನೆ, ಹೋಗಿ ಬರ್ಲಿಕ್ಕೆ 40 ಮೀಟರ್, 0.78 ಓಮ್, ಒಂಬತ್ತು ಆಂಪಿಯರ್ ಹತ್ರ, ಅರುವತ್ತು ವ್ಯಾಟ್ ಬಿಸಿ. ಪೂರ್ತಿ ಬಿಡಿಸಿ ಹಾಕಿದ್ರೆ ಗಾಳಿಗೆ ಹೋಗ್ತದೆ, ಸುತ್ತಿ ಇಟ್ಟದ್ದರಲ್ಲಿ ಹೋಗ್ಲಿಕ್ಕೆ ಜಾಗ ಇಲ್ಲ, ಮಾಮೂಲು ಪಿವಿಸಿಗೆ ಲಿಮಿಟ್ಟೇ 70 ಡಿಗ್ರಿ. ‘ಪೂರ್ತಿ ಬಿಡಿಸಿ ಯೂಸ್ ಮಾಡಿ’ ಅಂತ ಆ ಹುಡುಗ ಒಂದು ಮಾತು ಹೇಳ್ಬಹುದಿತ್ತು. ಬದಲಿಸಿ ಕೊಡ್ಲಿಲ್ಲ, ಧಣಿಗಳು ತಪ್ಪು ಒಪ್ಪಿಕೊಂಡ್ರು, ವಯರ್ ಮಾತ್ರ 1.5ದ್ದು ಅಸಲಿಗೆ ಹಾಕಿ ಕೊಟ್ರು. ಅದಕ್ಕೆ ಅರ್ಧ ಸ್ಟಾರ್ ವಾಪಸ್ ಕೊಡುವ ಅಂತ ಇತ್ತು, ಅರ್ಧ ಹಾಕ್ಲಿಕ್ಕೆ ಆಗುದಿಲ್ಲ.

ಹೋಗುದಾದ್ರೆ ಒಂದು ಗಂಟೆ ಒಳಗೆ ಹೋಗಿ, ಇಲ್ಲದ್ರೆ ಮೂರರ ಮೇಲೆ, ಆದಿತ್ಯವಾರ ರಜೆ. ದೂರ ಅಳ್ಕೊಂಡು ಹೋಗಿ, ಮೋಟರಿನ ಪ್ಲೇಟಿನ ಫೋಟೋ ತೆಕ್ಕೊಂಡು ಹೋಗಿ.

ಹಳೆ ವಯರು ಮೊನ್ನೆ ಗುಜರಿಯವನಿಗೆ ಹಾಕಿದೆ. ನಾನು ಸುಮ್ಮನೆ ಇದ್ದೆ, ಎಂತ ಹೇಳ್ತಾನೆ ನೋಡುವ ಅಂತ. ಅವ ಒಂದು ತುದಿ ಹಲ್ಲಲ್ಲಿ ಕಚ್ಚಿ ಸಿಪ್ಪೆ ತೆಗೆದ, ಚೂರಿಯಲ್ಲಿ ಒಮ್ಮೆ ಗೀರಿದ, ಕಟ್ಟು ಕೈಯಲ್ಲಿ ಎತ್ತಿ ಇಳಿಸಿದ. ‘ಇದು ಕಾಪರ್ ಅಲ್ಲ ಅಣ್ಣ’ ಅಂದ. ಐದು ಸೆಕೆಂಡು ಹಿಡಿಯಲಿಲ್ಲ ಅವನಿಗೆ.